ಬಾಗಿಲಲ್ಲಿ ನಿಂತವರು

ವಿಹಾರದ ಭಿಕ್ಷುಗಳು ಮಣ್ಣು ಅಗೆಯುವಂತಿಲ್ಲ, ಗಿಡದಿಂದ ಎಲೆ ಕೀಳುವಂತಿಲ್ಲ, ಬೀಜವಿರುವ ಹಣ್ಣನ್ನು ಕೊಟ್ಟರೆಂದು ಹಾಗೇ ಬಾಯಿಗೆ ಹಾಕಿಕೊಳ್ಳುವಂತೆಯೂ ಇಲ್ಲ. ಹೊರಗಿನವರು ಯಾರಾದರೂ ಆ ಹಣ್ಣಿಗೆ ಚಾಕುವಿನಿಂದ ಒಂದು ಗೀರು ಹಾಕಿ, ಇದು ತಿನ್ನಲು ಯೋಗ್ಯ ಎಂದು ಹೇಳಿ ಕೊಡಬೇಕು. ಅಷ್ಟಾದರೆ ಬೀಜದೊಳಗಿನ ಜೀವಕ್ಕೆ ಭಿಕ್ಷುಗಳು ಹೊಣೆಯಲ್ಲ. ಆ ಗೀರು ಹಾಕುವ ಕೈ ಇಪ್ಪತ್ತೆಂಟು ವರ್ಷಗಳಿಂದ ತೋಟದಕ್ಕನದು.

ಮೊದಲು ಆ ಕೆಲಸ ಅವಳ ಗಂಡನದಾಗಿತ್ತು. ಎದೆಗೂಡಿನಲ್ಲಿ ಕಫ ಕಟ್ಟಿ ಅವನು ಮಲಗಿದಾಗ ಅವಳು ನಾಲ್ಕು ದಿನದ ಮಟ್ಟಿಗೆಂದು ಗುದ್ದಲಿ ಹಿಡಿದಳು. ಅವನು ಏಳಲಿಲ್ಲ, ಅವಳು ಗುದ್ದಲಿ ಕೆಳಗಿಡಲಿಲ್ಲ. ಮಲಗಿದ್ದಲ್ಲಿಂದಲೇ ಅವನು ಕೆಲಸ ಹೇಳಿಕೊಟ್ಟಿದ್ದ.

"ಅವರು 'ಈ ಕೊಂಬೆ ಗಮನಿಸಿ' ಅಂದ್ರೆ ಕಡಿ ಅಂತ. 'ಇಲ್ಲಿ ನೀರು ನಿಲ್ಲುತ್ತೆ' ಅಂದ್ರೆ ಕಾಲುವೆ ತೋಡು ಅಂತ. ಏನೂ ಹೇಳ್ದೆ ಬಾಗಿಲಲ್ಲಿ ಸುಮ್ನೆ ನಿಂತ್ಕೊಂಡ್ರೆ..." ಎಂದು ಅಷ್ಟಕ್ಕೆ ನಿಲ್ಲಿಸಿ ಕೆಮ್ಮಿದ್ದ. "ಅದು ನಿನಗೇ ತಿಳಿಯುತ್ತೆ ಬಿಡು."

ತಿಳಿಯಿತು. ಗಿಡದ ವಿಷಯದಲ್ಲಿ, ಮಣ್ಣಿನ ವಿಷಯದಲ್ಲಿ ಭಿಕ್ಷುಗಳಿಗೆ ಹೀಗೆ ಸುತ್ತಿ ಬಳಸಿ ಹೇಳಲು ನಿಯಮದಲ್ಲಿ ಅವಕಾಶವಿತ್ತು. ಓಡಾಡುವ ಜೀವಗಳ ವಿಷಯದಲ್ಲಿ ಅದೂ ಇರಲಿಲ್ಲ. ಸೂಚನೆ ಕೊಟ್ಟರೂ ಕೊಂದ ಹಾಗೇ ಲೆಕ್ಕ. ಆದ್ದರಿಂದ ಸ್ನಾನದ ಮನೆಯಲ್ಲಿ ಹಾವು ಸೇರಿದಾಗ, ಗಾಳಿಗಿಂಡಿಯಲ್ಲಿ ಕಣಜದ ಹುಳು ಗೂಡು ಕಟ್ಟಿದಾಗ, ಧ್ಯಾನಮಂದಿರದ ಕಿಟಕಿಯ ಚೌಕಟ್ಟಿಗೆ ಗೆದ್ದಲು ಹತ್ತಿದಾಗ ವಿಹಾರದ ಮುಖ್ಯ ಭಿಕ್ಷು ಹಿರಿಯ ಭಂತೆಯವರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರ ಮುಖದಲ್ಲಿ ಕೋಪವಿಲ್ಲ, ಅಸಹ್ಯವಿಲ್ಲ. ಕಾಲುಗಂಟೆ ನಿಂತು, ಧ್ಯಾನದಲ್ಲಿರುವಂತೆ ಉಸಿರು ಗಮನಿಸುತ್ತ ಹೊರಟುಹೋಗುತ್ತಿದ್ದರು. ಅವರ ಹೆಜ್ಜೆಯ ಸಪ್ಪಳ ನಿಂತ ಮೇಲೆ ತೋಟದಕ್ಕ ಸೀಮೆಎಣ್ಣೆಯನ್ನೋ ದೊಣ್ಣೆಯನ್ನೋ ಬಿಸಿನೀರಿನ ಬಕೆಟ್ಟನ್ನೋ ತರುತ್ತಿದ್ದಳು.

ಅದೇ ಕೈಯಲ್ಲಿ ಅವಳು ಬೆಳಗಿನ ಹೊತ್ತು ನಡಿಗೆಯ ಧ್ಯಾನದ ಹಾದಿಯಲ್ಲಿ ಕುಳಿತು ಬಸವನಹುಳುಗಳನ್ನು ಒಂದೊಂದಾಗಿ ಎತ್ತಿ ಹುಲ್ಲಿಗೆ ಬಿಡುತ್ತಿದ್ದಳು, ಭಂತೆಯವರ ಬರಿಗಾಲಿನ ಕೆಳಗೆ ಸಿಕ್ಕಿ ಚಪ್ಪಟೆಯಾಗದಿರಲಿ ಎಂದು. ಇದಕ್ಕೂ ಅದಕ್ಕೂ ತಾಳೆಯಾಗುವುದಿಲ್ಲವಲ್ಲ ಎಂದು ಅವಳಿಗೆ ಆ ಕಾಲದಲ್ಲಿ ಅನ್ನಿಸಿರಲಿಲ್ಲ. ಕೆಲಸ ಎಂದ ಮೇಲೆ ಎಲ್ಲವೂ ಇರುತ್ತದೆ.

ಅನ್ನಿಸುತ್ತಿದ್ದುದು ತಮ್ಮನ ಹೆಂಡತಿಗೆ. ಗಂಡ ಸತ್ತ ಮೇಲೆ ತೋಟದಕ್ಕ ಇದ್ದದ್ದು ತಮ್ಮನ ಮನೆಯಲ್ಲಿ. ಆ ಮನೆಯ ಮುಂದಿನ ಕೋಣೆಯೇ ತಮ್ಮನ ಹೆಂಡತಿಯ ಹೊಲಿಗೆ ಅಂಗಡಿ. ಗೋಡೆಯುದ್ದಕ್ಕೂ ಗಿರಾಕಿಗಳ ಬಟ್ಟೆಯ ಗಂಟುಗಳು, ನಡುವೆ ಮಿಷನ್ನು, ಗಂಟುಗಳ ಹಿಂದೆ ತೋಟದಕ್ಕನ ಹಾಸಿಗೆ. ಕಾಲು ಚಾಚಿದರೆ ಮಿಷನ್ನಿನ ಪೆಡಲು ತಾಗುತ್ತಿತ್ತು. ತಮ್ಮನ ಹೆಂಡತಿಯ ಬಾಯಿ ಅವಳ ಕತ್ತರಿಯಷ್ಟೇ ಹರಿತ, ಎದೆ ಮಾತ್ರ ಹತ್ತಿ. ಗೋಡೆಯ ಮೇಲೆ ಹಲ್ಲಿ ಕಂಡರೆ ಸ್ಟೂಲು ಹತ್ತಿ ನಿಂತು ಗಂಡನನ್ನು ಕೂಗುವವಳು. ತೋಟದಕ್ಕ ಸಂಜೆ ಬಂದು ಕೈತೊಳೆಯುವಾಗ, "ಇವತ್ತು ಯಾರ ಪಾಪ ತೊಳೀತಿದೀರಿ ಅತ್ತಿಗೆ, ನಿಮ್ಮದಾ ಅವರದಾ?" ಎಂದು ಕೇಳುತ್ತಿದ್ದಳು. "ಸೋಪು ಸ್ವಲ್ಪ ಉಳಿಸಿ, ನಮ್ಮದೂ ಇದೆ."

ತೋಟದಕ್ಕ ನಕ್ಕು ಕೈ ಒರೆಸಿಕೊಳ್ಳುತ್ತಿದ್ದಳು. ನಾದಿನಿಗೆ ಹೇಳಿದರೆ ಅರ್ಥವಾಗುವಂಥದ್ದಲ್ಲ ಅದು. ಹುಣ್ಣಿಮೆಯ ಬೆಳಿಗ್ಗೆ ಹಿರಿಯ ಭಂತೆಯವರು ಉಪದೇಶ ಮಾಡುವಾಗ ತೋಟದಕ್ಕ ಧ್ಯಾನಮಂದಿರದ ಕಿಟಕಿಯ ಕೆಳಗೆ ಹೂವಿನ ಪಾತಿಯಲ್ಲಿ ಕಳೆ ಕೀಳುತ್ತಿದ್ದಳು. ಮಣ್ಣಿನ ಕಾಲಿನಲ್ಲಿ ಒಳಗೆ ಹೋಗುವುದು ಹೇಗೆ ಎಂದು ಮೊದಲ ವರ್ಷ ಹಿಂಜರಿದವಳು ಆಮೇಲೆ ಅಲ್ಲಿಗೇ ಒಗ್ಗಿಹೋದಳು. ಆ ಒಂದು ಪಾತಿಯಲ್ಲಿ ಕಳೆ ಎಂಬುದು ಹುಟ್ಟಲು ಹೆದರುತ್ತಿತ್ತು. ಅಲ್ಲಿ ಕುಳಿತೇ ಅವಳು ಕಲಿತದ್ದು: ಎಲ್ಲವೂ ಬದಲಾಗುತ್ತದೆ, ಅಂಟಿಕೊಂಡವರಿಗೆ ನೋವು ತಪ್ಪುವುದಿಲ್ಲ, ಇರುವೆಗೂ ಸಾಯಲು ಮನಸ್ಸಿಲ್ಲ. ಮುಚ್ಚಿಟ್ಟುಕೊಂಡ ತಪ್ಪು ಒಳಗೇ ಕೊಳೆಯುತ್ತದೆ, ತೆರೆದು ತೋರಿಸಿದರೆ ಮಾತ್ರ ಮಾಯುತ್ತದೆ ಎಂಬ ಮಾತನ್ನು ಭಂತೆಯವರು ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ಅವಳ ಕೈ ಮಣ್ಣಿನಲ್ಲಿ ನಿಂತುಬಿಡುತ್ತಿತ್ತು.

ವಿಹಾರದ ಹಿಂಭಾಗದಲ್ಲಿ ಆರು ಕೋಣೆಗಳ ಒಂದು ಸಾಲಿತ್ತು. ಬಿಳಿಬಟ್ಟೆಯುಟ್ಟು, ಕೊಲ್ಲಬಾರದು, ಸುಳ್ಳಾಡಬಾರದು ಎಂಬಂಥ ಎಂಟು ಶೀಲಗಳನ್ನು ಬದುಕಿಡೀ ಪಾಲಿಸುವೆವೆಂದು ಮಾತುಕೊಟ್ಟ ಹೆಂಗಸರು ಅಲ್ಲಿರುತ್ತಿದ್ದರು. ಅವರನ್ನು ಬಿಳಿಯಕ್ಕಂದಿರು ಎನ್ನುತ್ತಿದ್ದರು. ಒಂದು ಮಂಚ, ಒಂದು ಕಪಾಟು, ಕಿಟಕಿಗೆ ಮುಖಮಾಡಿ ಒಂದು ಚಾಪೆ. ಅದರ ಮೇಲೆ ಕೂತರೆ ತೋಟ ಕಾಣುತ್ತಿತ್ತು. ಆ ಕಿಟಕಿಗಳನ್ನು ಹೊರಗಿನಿಂದ ತೊಳೆಯುವಾಗಲೆಲ್ಲ ತೋಟದಕ್ಕ ಒಳಗಿನಿಂದ ಈ ತೋಟ ಹೇಗೆ ಕಾಣಬಹುದೆಂದು ಯೋಚಿಸುತ್ತಿದ್ದಳು. ಅರವತ್ತೊಂದು ತುಂಬಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಸಾಯುವ ಮೊದಲು ಒಂದಷ್ಟು ವರ್ಷ, ಯಾರ ಪೆಡಲಿಗೂ ಕಾಲು ತಾಗದ ಕಡೆ, ಒಳಗೆ ಕೂತು ಕಣ್ಣುಮುಚ್ಚಬೇಕು ಎಂಬುದು ಅವಳ ಆಸೆ. ಅಂಟಿಕೊಳ್ಳಬಾರದು ಎಂದು ಕಲಿತದ್ದು ನಿಜ. ಈ ಒಂದಕ್ಕೆ ಅಂಟಿಕೊಂಡಿದ್ದಳು.

ಆ ವರ್ಷ ಒಂದು ಕೋಣೆ ಖಾಲಿಯಾಯಿತು. ಕೇಳಿದವರು ಇಬ್ಬರು. ಒಬ್ಬಳು ಇವಳು, ಇನ್ನೊಬ್ಬರು ಶಾಲೆಯಿಂದ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ. ಎಲ್ಲರೂ ಅವರನ್ನು ದೊಡ್ಡ ಟೀಚರ್ ಎನ್ನುತ್ತಿದ್ದರು. ವಿಹಾರದ ಆಡಳಿತ ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿ ತೋಟದಕ್ಕನ ಅರ್ಜಿ ಓದಿ, ನಿಮಗಿಂತ ಹಕ್ಕುದಾರರು ಯಾರಿದ್ದಾರೆ ತಾಯಿ ಎಂದು ಅರ್ಜಿಯನ್ನು ಫೈಲಿನ ಮೇಲ್ಗಡೆಯೇ ಇಟ್ಟುಕೊಂಡರು.

ದೊಡ್ಡ ಟೀಚರ್ ಒಳ್ಳೆಯವರೇ. ಪೈಪೋಟಿಯ ಕೊಂಕು ಅವರಲ್ಲಿರಲಿಲ್ಲ. ಶೀಲ ತೆಗೆದುಕೊಳ್ಳುವ ಮೊದಲು ಸಭೆಯ ಮುಂದೆ ತಪ್ಪೊಪ್ಪಿಗೆ ಮಾಡಬೇಕು, ಅದಕ್ಕೊಂದು ಸಿದ್ಧ ವಾಕ್ಯವಿದೆ ಎಂದು ಚೀಟಿಯಲ್ಲಿ ಬರೆದುಕೊಟ್ಟವರು ಅವರೇ. ತಿಳಿದೋ ತಿಳಿಯದೆಯೋ ದೇಹದಿಂದ, ಮಾತಿನಿಂದ, ಮನಸ್ಸಿನಿಂದ ನಾನು ಮಾಡಿದ ತಪ್ಪುಗಳನ್ನು ಮನ್ನಿಸಿ. ಅಷ್ಟೇ. ಎಲ್ಲರೂ ಹೇಳುವುದು ಅದನ್ನೇ.

"ಒಂದೇ ಉಸಿರಿಗೆ ಹೇಳಿ ಮುಗಿಸಿಬಿಡಿ," ಎಂದಿದ್ದರು. "ಮಧ್ಯೆ ನಿಲ್ಲಿಸಿದ್ರೆ ಮರೆತುಹೋಗುತ್ತೆ."

ಹುಣ್ಣಿಮೆಯ ಬೆಳಿಗ್ಗೆ ತೋಟದಕ್ಕ ನಲ್ಲಿಯ ಕೆಳಗೆ ಮೂರು ಸಲ ಕಾಲು ತೊಳೆದಳು. ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆದಳು. ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಬಾರಿಗೆ, ಕೈಯಲ್ಲಿ ಪೊರಕೆಯಿಲ್ಲದೆ ಆ ಮಂದಿರದೊಳಗೆ ಹೋಗಿ ಚಾಪೆಯ ಮೇಲೆ ಕುಳಿತಳು. ಎದುರಿಗೆ ಹಿರಿಯ ಭಂತೆ, ಪಕ್ಕದಲ್ಲಿ ಮೂವರು ಭಿಕ್ಷುಗಳು, ಬಿಳಿಯಕ್ಕಂದಿರು ಐವರು, ನಿಯಮದ ಪುಸ್ತಕ ಹಿಡಿದ ಕಾರ್ಯದರ್ಶಿ, ಹಿಂದೆ ಊರಿನ ಹತ್ತಿಪ್ಪತ್ತು ಮಂದಿ.

ದೊಡ್ಡ ಟೀಚರ್ ಮೊದಲು ಹೇಳಿದರು. ಪಾಠ ಒಪ್ಪಿಸಿದಷ್ಟು ಚೊಕ್ಕವಾಗಿತ್ತು. ಭಂತೆಯವರು ತಲೆಯಾಡಿಸಿದರು.

ಆಮೇಲೆ ಇವಳ ಸರದಿ. "ತಿಳಿದೋ" ಎಂದಳು. ಮುಂದೆ "ತಿಳಿಯದೆಯೋ" ಎನ್ನಬೇಕು. ನಾಲಿಗೆ ಅಲ್ಲಿಯೇ ಕಚ್ಚಿಕೊಂಡಿತು. ತಿಳಿಯದೆ ಮಾಡಿದ್ದು ಯಾವುದು ಎಂದು ಮನಸ್ಸು ಹುಡುಕತೊಡಗಿತು, ಒಂದೂ ಸಿಗಲಿಲ್ಲ. ಎಲ್ಲವನ್ನೂ ತಿಳಿದೇ ಮಾಡಿದ್ದಳು. ಮರೆಮಾಚಿದ್ದು ಕೊಳೆಯುತ್ತದೆ ಎಂದು ಹೇಳಿಕೊಟ್ಟವರೇ ಎದುರಿಗೆ ಕೂತಿದ್ದಾರೆ. ಕೇಳಲೆಂದೇ ಕೂತಿದ್ದಾರೆ. ಇಲ್ಲಿ ಹೇಳದೆ ಇನ್ನೆಲ್ಲಿ ಹೇಳುವುದು?

ಹೇಳಿದಳು. ಸ್ನಾನದ ಮನೆಯ ಹಾವು ಹೇಳಿದಳು, ಕಣಜದ ಗೂಡಿಗೆ ಬೆಂಕಿಯಿಟ್ಟದ್ದು ಹೇಳಿದಳು. ಕಳೆದ ಮಳೆಗಾಲದಲ್ಲಿ ಪುಸ್ತಕದ ಕೋಣೆಯಲ್ಲಿ ಇಲಿ ಮರಿಹಾಕಿತ್ತಲ್ಲ, ಅದನ್ನು ಹೇಳಿದಳು. ಹಳೆಯ ಪುಸ್ತಕಗಳ ಕಾಗದವನ್ನು ನೂಲಿನಷ್ಟು ಸಣ್ಣಗೆ ಹರಿದು, ಅದರಲ್ಲಿ ಬಟ್ಟಲಿನಂತೆ ಗೂಡು ಮಾಡಿಕೊಂಡಿತ್ತು ಆ ತಾಯಿ. ಒಳಗೆ ಏಳು ಮರಿ. ಕಣ್ಣು ಬಿಟ್ಟಿರಲಿಲ್ಲ. ಬೆರಳ ತುದಿಯಷ್ಟು ಕೆಂಪಗಿದ್ದವು. ಮೈಗೆ ಕಾಗದದ ಚೂರು ಅಂಟಿಕೊಂಡು ಒಂದೊಂದರ ಮೇಲೂ ಒಂದೊಂದು ಅಕ್ಷರ ಇದ್ದಂತಿತ್ತು. ನೀರು ತುಂಬಿದ ಬಕೆಟ್ಟಿಗೆ ಗೂಡಿನ ಸಮೇತ ಹಾಕಿದೆ. ಮೇಲೆ ತೇಲಿದವು. ಪೊರಕೆಯಿಂದ ಒತ್ತಿ ಹಿಡಿದೆ. ಅವು ಮುಳುಗುವವರೆಗೂ ಹಿಡಿದೆ.

ಸಭೆಯಲ್ಲಿ ಯಾರೋ ಕೆಮ್ಮಿದರು. ಊರಿನ ಒಬ್ಬ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇದರಲ್ಲಿ ಯಾರಿಗೂ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಹಾವು ಏನಾಯಿತು ಎಂದು ಯಾರೂ ಆಗ ಕೇಳಿರಲಿಲ್ಲ, ಅಷ್ಟೇ. ಈಗ ಅದು ಗಾಳಿಗೆ ಬಿದ್ದಿತ್ತು, ಮತ್ತೆ ಒಳಗೆ ತುಂಬುವಂತಿರಲಿಲ್ಲ.

ಕಾರ್ಯದರ್ಶಿಗೆ ಬೇಸರವಾದದ್ದು ಮುಖದಲ್ಲೇ ಕಾಣುತ್ತಿತ್ತು. ಪುಸ್ತಕ ತೆರೆದು ಓದಿದರು. ಸಾಲಿನ ಕೋಣೆ ಬಯಸುವವರು ಹಿಂದಿನ ಒಂದು ವರ್ಷದಲ್ಲಿ ತಿಳಿದೂ ತಿಳಿದು ಪ್ರಾಣಿಹತ್ಯೆ ಮಾಡಿರಕೂಡದು. ಬಿಳಿಯಕ್ಕಂದಿರಲ್ಲಿ ಎಲ್ಲರಿಗಿಂತ ಹಿರಿಯರು, ಹೇಗಾದರೂ ಇವಳನ್ನು ಉಳಿಸಬೇಕೆಂದು, ಬೇರೆಯವರ ಮಾತು ಕೇಳಿ ಮಾಡಿದ್ದಾದರೆ ಹೊಣೆ ಹಂಚಿಹೋಗುತ್ತದೆ ಅಲ್ಲವೇ ಎಂದರು. "ಹೇಳಿ ತಂಗಿ, ನಿಮಗೆ ಯಾರು ಹೇಳಿದ್ದು?"

ತೋಟದಕ್ಕ ತಲೆಯೆತ್ತಿ ಹಿರಿಯ ಭಂತೆಯವರನ್ನು ನೋಡಿದಳು. ಅವರೂ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಏನನ್ನೋ ಹುಡುಕಿದಳು. ಸಿಗಲಿಲ್ಲ.

"ಯಾರೂ ಹೇಳಿಲ್ಲ," ಎಂದಳು.

ಕಾರ್ಯದರ್ಶಿ ಕ್ರಮ ತಪ್ಪಬಾರದೆಂದು ಭಂತೆಯವರ ಕಡೆ ತಿರುಗಿ ಕೈಮುಗಿದು, ತಾವೇನಾದರೂ ಹೇಳಿದ್ದುಂಟೇ ಎಂದು ಕೇಳಿದರು.

"ನಾನು ಹೇಳಿಲ್ಲ," ಎಂದರು ಹಿರಿಯ ಭಂತೆ.

ಇಬ್ಬರ ಮಾತೂ ಸತ್ಯವೇ ಆಗಿತ್ತು. ಸುಳ್ಳು ಹೇಳಬಾರದೆಂಬ ಶೀಲ ಅಲ್ಲಿ ಯಾರದೂ ಮುರಿಯಲಿಲ್ಲ.

ಕೋಣೆ ದೊಡ್ಡ ಟೀಚರಿಗೆ ಹೋಯಿತು. ಇವಳನ್ನು ಪೂರ್ತಿ ಕೈಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಸಾಲಿನ ತುದಿಯಲ್ಲಿ ಏಳನೆಯ ಕೋಣೆಯೊಂದನ್ನು ಕಟ್ಟಿಸುವ ಮಾತಿತ್ತು; ಮುಂದಿನ ವರ್ಷ ಇದೇ ಹುಣ್ಣಿಮೆಯವರೆಗೆ ಒಂದು ಜೀವವನ್ನೂ ತೆಗೆಯದಿದ್ದರೆ ಅದು ನಿಮ್ಮದೇ ಎಂದು ಎಲ್ಲರೂ ಒಪ್ಪಿ ಪುಸ್ತಕದಲ್ಲಿ ಬರೆದುಕೊಂಡರು.

ಮನೆಯಲ್ಲಿ ತಮ್ಮನ ಹೆಂಡತಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಎಲ್ಲವನ್ನೂ ಕೇಳಿಸಿಕೊಂಡಳು. ಚೀಟಿಯಲ್ಲಿ ಬರೆದದ್ದನ್ನು ಹೇಳಿ ಎಂದರೆ ಇವರು ಇಡೀ ಜಾತಕ ಬಿಚ್ಚಿ ಕೂತರಲ್ಲ ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಅಲ್ಲ ಅತ್ತಿಗೆ, ಕೇಳಿದವರು ನಿಜವಾಗಿ ಕೇಳ್ತಿದಾರೆ ಅಂತ ಯಾಕೆ ಅಂದ್ಕೊಂಡ್ರಿ? ಹೇಗಿದೀರಾ ಅಂದ್ರೆ ಮೊಣಕಾಲು ನೋವು ಹೇಳೋಕಾಗುತ್ತಾ?" ಎಂದಳು.

"ಕೇಳಿದ್ರಲ್ಲ," ಎಂದಷ್ಟೇ ಹೇಳಿ ತೋಟದಕ್ಕ ಗಂಟುಗಳ ಹಿಂದೆ ಹೋಗಿ ಮಲಗಿದಳು.

ಮೂರು ದಿನ ಬಿಟ್ಟು, ಹಣ್ಣಿಗೆ ಗೀರು ಹಾಕಿ ಕೊಡುವ ಹೊತ್ತಿನಲ್ಲಿ, ಹಿರಿಯ ಭಂತೆಯವರು ಒಬ್ಬರೇ ಜಗಲಿಯಲ್ಲಿದ್ದರು. ಅವಳು ತಟ್ಟೆಯನ್ನು ಕೆಳಗಿಟ್ಟು ನಿಂತೇ ಇದ್ದಳು. ಅವರು, ಮನಸ್ಸಿಗೆ ನೋವಾಗಿದೆ ಅಲ್ಲವೇ ಎಂದರು. ಕರ್ಮ ಎಂಬುದು ಕೈಯಲ್ಲಿಲ್ಲ, ಮನಸ್ಸಿನ ಉದ್ದೇಶದಲ್ಲಿದೆ ಎಂದರು. ಯಾವ ಉದ್ದೇಶದಿಂದ ಮಾಡಿದೆ ಎಂದು ನಿನ್ನನ್ನು ನೀನೇ ನೋಡಿಕೋ, ಅಲ್ಲಿಂದಲೇ ಬಿಡುಗಡೆ ಎಂದರು. ಕಿಟಕಿಯ ಕೆಳಗೆ ಕೂತು ಕೇಳಿದ್ದಾಗ ಇದೇ ಮಾತು ಎಷ್ಟು ತಂಪಾಗಿತ್ತು.

"ನನ್ನ ಉದ್ದೇಶ ನಾನು ನೋಡ್ಕೊಂಡೆ ಭಂತೆ," ಎಂದಳು ಅವಳು. "ಪುಸ್ತಕ ಉಳೀಲಿ, ನೀವು ನೆಮ್ಮದಿಯಾಗಿರಿ ಅಂತ ಇತ್ತು. ನೀವು ಬಾಗಿಲಲ್ಲಿ ನಿಂತಿರ್ತಿದ್ರಲ್ಲ, ಆಗ ನಿಮ್ಮ ಉದ್ದೇಶ ಏನಿತ್ತು?"

ಹೀಗೆ ಯಾರೂ ಅವರನ್ನು ಕೇಳಿರಲಿಕ್ಕಿಲ್ಲ. ಅವರು ಹಣ್ಣಿನ ಮೇಲಿನ ಗೀರನ್ನೇ ನೋಡಿದರು. ಸುಳ್ಳಾಡುವವರಲ್ಲ ಅವರು. ಅದೇ ಅವರ ಕಷ್ಟವಾಗಿತ್ತು.

"ನೀನಿದೀಯ ಅಂತ ನಿಲ್ತಿದ್ದೆ," ಎಂದರು ಕೊನೆಗೆ.

ತೋಟದಕ್ಕನಿಗೆ ಆ ಒಂದು ಮಾತು ಸಾಕು ಎನ್ನಿಸಿತು. ಮರುಕ್ಷಣವೇ ಸಾಲದು ಎನ್ನಿಸಿತು. "ಇದನ್ನ ಸಭೇಲೂ ಹೇಳ್ತೀರಾ?" ಎಂದು ಕೇಳಿದಳು.

ಅವರು ಕಣ್ಣುಮುಚ್ಚಿದರು. ಧ್ಯಾನಕ್ಕೆ ಮುಚ್ಚಿದರೋ ಅವಳನ್ನು ನೋಡಲಾಗದೆ ಮುಚ್ಚಿದರೋ ತಿಳಿಯಲಿಲ್ಲ. ಅವಳು ಕಾದು ಕಾದು ಚಾಕು ತೊಳೆಯಲು ಹೋದಳು. ಮುಂದಿನ ಹುಣ್ಣಿಮೆಯ ಉಪದೇಶದಲ್ಲಿ ಆ ಮಾತು ಬರಲಿಲ್ಲ, ಅದರ ಮುಂದಿನದರಲ್ಲೂ ಬರಲಿಲ್ಲ. ಆಮೇಲೆ ಅವಳು ಕಾಯುವುದನ್ನು ಬಿಟ್ಟಳು.

ಕೊಲ್ಲುವುದನ್ನು ಸಭೆಯ ದಿನದಿಂದಲೇ ಬಿಟ್ಟಿದ್ದಳು. ಬಿಡುವುದು ಅವಳು ಎಣಿಸಿದ್ದಕ್ಕಿಂತ ಕಷ್ಟವಾಗಿತ್ತು. ಸೊಳ್ಳೆ ಕಚ್ಚಿದಾಗ ಕೈ ತಾನಾಗಿ ಏಳುತ್ತಿತ್ತು. ಎಡಗೈ ಎದ್ದರೆ ಬಲಗೈಯಿಂದ ಅದನ್ನು ಹಿಡಿದುಕೊಳ್ಳುತ್ತಿದ್ದಳು. ತೋಡುವಾಗ ಎರೆಹುಳು ತುಂಡಾದೀತೆಂದು ಗುದ್ದಲಿ ಬಿಟ್ಟು ಕೈಯಲ್ಲೇ ಮಣ್ಣು ಕೆದಕಿದಳು. ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯಿತು. ಆದರೂ ಎರಡನೆಯ ತಿಂಗಳ ಹೊತ್ತಿಗೆ ಅವಳೊಳಗೆ ಏನೋ ಸಡಿಲವಾದಂತಿತ್ತು. ಇರುವೆಯ ಸಾಲು ಕಂಡರೆ ಏನು ಮಾಡಬೇಕು ಎಂಬ ಯೋಚನೆ ಬರದೆ, ಎಲ್ಲಿಗೆ ಹೊರಟಿವೆ ಎಂಬ ಯೋಚನೆ ಬರುತ್ತಿತ್ತು. ಇಷ್ಟು ವರ್ಷ ಆ ತೋಟದಲ್ಲಿ ಅವಳು ಕಾವಲುಗಾರ್ತಿಯಾಗಿದ್ದಳು. ಈಗ ಅಲ್ಲಿನ ಒಂದು ಜೀವಿಯಾದಂತೆ ಅನ್ನಿಸುತ್ತಿತ್ತು.

ಇಲಿಗಳಿಗೂ ಹಾಗೇ ಅನ್ನಿಸಿರಬೇಕು. ಪುಸ್ತಕದ ಕೋಣೆಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಬಿಳಿಯಕ್ಕಂದಿರ ಸಾಲಿಗೆ ಬಂದವು. ದೊಡ್ಡ ಟೀಚರ್ ಒಂದು ಬೆಳಿಗ್ಗೆ ತಮ್ಮ ಕನ್ನಡಕದ ಚರ್ಮದ ಡಬ್ಬಿಯನ್ನು ತಂದು ತೋರಿಸಿದರು. ಮೂಲೆಯನ್ನು ಇಲಿ ತಿಂದಿತ್ತು. ನಾನೇನೂ ಹೇಳುತ್ತಿಲ್ಲಮ್ಮ, ಸುಮ್ಮನೆ ತೋರಿಸಿದೆ ಎಂದರು. ಒಳ್ಳೆಯ ವಿದ್ಯಾರ್ಥಿನಿಯಾಗಿದ್ದರು, ಅಲ್ಲಿನ ಭಾಷೆಯನ್ನು ಬೇಗ ಕಲಿತಿದ್ದರು. ತೋಟದಕ್ಕ ಡಬ್ಬಿಯನ್ನು ತಿರುಗಿಸಿ ನೋಡಿ, ಹೌದು ಟೀಚರ್, ತಿಂದಿದೆ ಎಂದು ಮರಳಿಸಿದಳು.

ಆಮೇಲೊಂದು ದಿನ ಹಿರಿಯ ಭಂತೆಯವರು ಬಂದು ಪುಸ್ತಕದ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಗುಡಿಸುತ್ತಿದ್ದ ತೋಟದಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ ತಾನೂ ಅವರ ಪಕ್ಕದಲ್ಲಿ ಬಂದು ನಿಂತಳು. ಕಪಾಟಿನ ಮೇಲ್ತುದಿಯಲ್ಲಿ ಒಂದು ಇಲಿ ಬಾಲ ಇಳಿಬಿಟ್ಟುಕೊಂಡು ಕೂತಿತ್ತು. ಇಬ್ಬರೂ ಅದನ್ನು ನೋಡಿದರು. ಅದೂ ಇಬ್ಬರನ್ನೂ ನೋಡಿತು. ಕಾಲುಗಂಟೆ ಕಳೆಯಿತು, ಅರ್ಧಗಂಟೆ ಕಳೆಯಿತು. ಬಾಯಿಬಿಟ್ಟು ಒಂದು ಮಾತು ಹೇಳಿದರೆ ಈಗಲೂ ಮಾಡುತ್ತೇನೆ, ವರ್ಷವೂ ಬೇಡ, ಕೋಣೆಯೂ ಬೇಡ ಎಂದು ಅವಳಿಗೆ ಅನ್ನಿಸಿದ್ದುಂಟು. ಅವರು ಹೇಳಲಿಲ್ಲ. ಇಲಿಗೆ ಬೇಜಾರಾಗಿ ಕಪಾಟಿನ ಹಿಂದೆ ಇಳಿದುಹೋಯಿತು.

ಹದಿನೈದು ದಿನಕ್ಕೆ ಕಾರ್ಯದರ್ಶಿ ಕರೆಸಿದರು. ಶೀಲ ಪಾಲಿಸುವವರ ಮೇಲೆ ಈ ಕೆಲಸದ ಹೊರೆ ಹೊರಿಸುವುದು ತಪ್ಪು ಎಂದು ಎಲ್ಲರಿಗೂ ಈಗ ಅರಿವಾಗಿದೆಯೆಂದೂ, ಇನ್ನು ಮುಂದೆ ವಿಶ್ರಾಂತಿ ತೆಗೆದುಕೊಳ್ಳಬೇಕೆಂದೂ, ಏಳನೆಯ ಕೋಣೆಯ ಮಾತು ಮಾತೇ ಎಂದೂ ಹೇಳಿದರು. ಕುರ್ಚಿ ಕೊಟ್ಟು ಕೂರಿಸಿ ಹೇಳಿದರು. ಇಪ್ಪತ್ತೆಂಟು ವರ್ಷದಲ್ಲಿ ಆ ಆಫೀಸಿನಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದು ಅದೊಂದೇ ಸಲ.

ಅವಳ ಜಾಗಕ್ಕೆ ಬಂದವನು ಗೋದಾಮುಗಳಿಗೆ ಔಷಧಿ ಹೊಡೆಯುತ್ತಿದ್ದ ಅನುಭವಸ್ಥ. ಬಂದ ದಿನವೇ ಮೂಲೆಮೂಲೆಗೆ ವಿಷದ ಬಿಲ್ಲೆ ಇಟ್ಟ. ಯಾರೂ ಬಾಗಿಲಲ್ಲಿ ನಿಲ್ಲುವ ಪ್ರಮೇಯವೇ ಬರಲಿಲ್ಲ. ಇಲಿಗಳು ಗೋಡೆಯ ಬಿರುಕುಗಳಲ್ಲಿ, ಮರದ ನೆಲದ ಅಡಿಯಲ್ಲಿ ಮೂರು ದಿನ ಹಿಡಿದು ಸತ್ತವು. ಆ ಹುಣ್ಣಿಮೆಯಂದು ತೋಟದಕ್ಕ ಹೋದಾಗ ಎಲ್ಲರೂ ಮೂಗಿಗೆ ಬಟ್ಟೆ ಹಿಡಿದು ದೇಹದ ನಶ್ವರತೆಯನ್ನು ಧ್ಯಾನಿಸುತ್ತಿದ್ದರು. ಅದಕ್ಕೆ ತಕ್ಕ ವಾಸನೆಯನ್ನು ಅವನು ಒದಗಿಸಿದ್ದ. ಕಿಟಕಿಯ ಕೆಳಗಿನ ಪಾತಿಗೂ ಅವನು ಏನೋ ಸಿಂಪಡಿಸಿದ್ದ. ಕಳೆಯೂ ಇರಲಿಲ್ಲ, ಎರೆಹುಳುವೂ ಇರಲಿಲ್ಲ.

ಏಳನೆಯ ಕೋಣೆ ಮಾತ್ರ ಎದ್ದು ನಿಂತಿತು. ಗೋಡೆ ಬಂತು, ಸೂರು ಬಂತು. ಪ್ರತಿ ಹುಣ್ಣಿಮೆಗೂ ಅವಳು ಹೋಗಿ ನೋಡಿ ಬರುತ್ತಿದ್ದಳು. ಕಿಟಕಿಗೆ ಬಣ್ಣ ಹಚ್ಚಿದ ದಿನ ಮಾತ್ರ ಹುಣ್ಣಿಮೆಗೆ ಕಾಯದೆ ಬೆಳಿಗ್ಗೆಯೇ ಒಳಗೆ ಹೋಗಿ, ಹಸಿ ಬಣ್ಣ ತಾಗದಂತೆ ದೂರ ನಿಂತು, ಅಲ್ಲಿಂದ ತೋಟವನ್ನು ನೋಡಿದಳು. ಇಷ್ಟು ಚಿಕ್ಕದೇ ಎನ್ನಿಸಿತು. ಆದರೂ ಚೆನ್ನಾಗಿತ್ತು. ಇನ್ನು ಹತ್ತೊಂಬತ್ತು ದಿನ. ತಮ್ಮನ ಹೆಂಡತಿ ಕೋಣೆಗೆಂದು ಕಿಟಕಿಯ ಪರದೆ ಹೊಲಿದಿಟ್ಟಿದ್ದಳು, ಬಿಳಿಬಟ್ಟೆಯ ಎರಡು ಜೊತೆ ಹೊಲಿದಿಟ್ಟಿದ್ದಳು. ನೀವು ಹೋದ ಮೇಲೆ ಅಲ್ಲಿ ಇನ್ನೊಂದು ಮಿಷನ್ನು ಹಾಕ್ತೀನಿ, ಆಮೇಲೆ ವಾಪಸು ಬರ್ತೀನಿ ಅಂದ್ರೆ ಜಾಗ ಇರಲ್ಲ ಎಂದು ಹೆದರಿಸುತ್ತಿದ್ದಳು. ಹೇಳುವಾಗ ಅವಳ ಕಣ್ಣು ಒದ್ದೆಯಾಗುತ್ತಿತ್ತು.

ಆ ದಿನ ಮಧ್ಯಾಹ್ನ ತೋಟದಕ್ಕ ಹಿತ್ತಲಿನಿಂದ ಒಳಗೆ ಬರುತ್ತಿದ್ದಳು. ಗಂಟುಗಳ ನಡುವೆ ಸರಸರ ಸದ್ದಾಯಿತು. ಒಬ್ಬ ಗಿರಾಕಿ ಕೋಟು ಹೊಲಿಯಲು ಕೊಟ್ಟಿದ್ದ ಉಣ್ಣೆಯ ಬಟ್ಟೆಯ ಗಂಟು ಅಲುಗುತ್ತಿತ್ತು. ಮಡಿಕೆಯ ಸಂದಿಯಿಂದ ಒಂದು ಇಲಿಯ ಮೂತಿ ಹೊರಬಂತು, ಬಾಯಲ್ಲಿ ಉಣ್ಣೆಯ ಎಳೆ. ದೊಡ್ಡ ಇಲಿ. ಅಂಥ ಬಟ್ಟೆ ಹಾಳಾದರೆ ತಮ್ಮನ ಹೆಂಡತಿಯ ಅಂಗಡಿಗೆ ಬಂದ ಹೆಸರೇ ಹೋದಂತೆ. ಇಲಿ ಅವಳನ್ನು ನೋಡಿ ಹೆದರಲಿಲ್ಲ. ತೋಟದಕ್ಕ ಮಾತಾಡಲಿಲ್ಲ. ಅಲ್ಲಿಯೇ ನಿಂತಳು.

ಪೆಡಲು ತುಳಿಯುತ್ತಿದ್ದ ತಮ್ಮನ ಹೆಂಡತಿ ಸುಮ್ಮನೆ ತಲೆಯೆತ್ತಿದವಳು ಅತ್ತಿಗೆಯ ಮುಖ ನೋಡಿದಳು, ಅತ್ತಿಗೆ ನೋಡುತ್ತಿದ್ದ ಕಡೆ ನೋಡಿದಳು. ಮಿಷನ್ನು ನಿಂತಿತು. ಅವಳ ಮುಖದ ರಕ್ತ ಇಳಿದುಹೋಯಿತು. ಆದರೂ ಎದ್ದಳು. ಬಟ್ಟೆ ಅಳೆಯುವ ಮರದ ಗಜಕಡ್ಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ನೀವು ಆಚೆ ಹೋಗಿ ಅತ್ತಿಗೆ," ಎಂದಳು ಪಿಸುದನಿಯಲ್ಲಿ. "ನಿಮ್ಮ ವ್ರತ ಕೆಡೋದು ಬೇಡ. ನಾನು ನೋಡ್ಕೋತೀನಿ."

ತೋಟದಕ್ಕ ತಿರುಗಿ ಹಿತ್ತಲಿಗೆ ನಡೆದಳು. ನಾಲ್ಕು ಹೆಜ್ಜೆ ಹೋದಳು. ಒಳಗೆ ಕಡ್ಡಿ ನೆಲಕ್ಕೆ ಬಡಿದ ಸದ್ದು, ತಮ್ಮನ ಹೆಂಡತಿಯ ಬಾಯಿಂದ ಅಳುವಿನಂಥ ಒಂದು ಸ್ವರ. ಏಟು ತಪ್ಪಿರಬೇಕು. ತೋಟದಕ್ಕನ ಕಾಲು ಐದನೆಯ ಹೆಜ್ಜೆಗೆ ಏಳಲಿಲ್ಲ. ತಾನು ಇವಳನ್ನು ಕೂಗಿರಲಿಲ್ಲ. ಇಲಿ ಎಂದಿರಲಿಲ್ಲ. ಹೊಡಿ ಎಂದಿರಲಿಲ್ಲ. ನಾಳೆ ಸಭೆಯಲ್ಲಿ ಯಾರಾದರೂ ಕೇಳಿದರೆ ನಾನು ಹೇಳಿಲ್ಲ ಎನ್ನಬಹುದಿತ್ತು. ನಿಂತಿದ್ದಳು, ಅಷ್ಟೇ. ಯಾಕೆ ನಿಂತೆ ಎಂದು ಕೇಳಿಕೊಂಡಳು. ಉತ್ತರ ಅವಳಿಗೆ ಗೊತ್ತಿತ್ತು. ಜಗಲಿಯಲ್ಲಿ ಹಿರಿಯ ಭಂತೆಯವರ ಬಾಯಿಂದ ಒಮ್ಮೆ ಕೇಳಿಸಿಕೊಂಡಿದ್ದಳು.

ಒಳಗೆ ಬಂದು ನಾದಿನಿಯ ಕೈಯಿಂದ ಗಜಕಡ್ಡಿ ಕಿತ್ತುಕೊಂಡಳು. ಬೇಡ ಅತ್ತಿಗೆ ಎಂದು ಅವಳು ತಡೆಯಬಂದಳು. ತೋಟದಕ್ಕ ಅವಳನ್ನು ಮೊಣಕೈಯಿಂದ ಸರಿಸಿ, ಮೂಲೆಗೆ ಸೇರಿದ್ದ ಇಲಿಯನ್ನು ಹೊಡೆದಳು. ಮೊದಲಾಗಿದ್ದರೆ ಒಂದೇ ಏಟು. ಆ ಪ್ರಾಣಿಗೆ ತಾನು ಸತ್ತದ್ದು ಗೊತ್ತಾಗುತ್ತಿರಲಿಲ್ಲ. ಈಗ ಕೈ ಮರೆತಿತ್ತು. ಸೊಂಟ ಮುರಿದುಕೊಂಡ ಇಲಿ ಮುಂಗಾಲಲ್ಲಿ ಮೈಯನ್ನು ಎಳೆದುಕೊಂಡು ಹೊರಟಿತು. ಮತ್ತೆ ಹೊಡೆದಳು. ಅದು ಕೂಗಿತು. ಇನ್ನೊಂದು ಸಲ ಹೊಡೆದಳು.

ಸತ್ತದ್ದನ್ನು ಚಿಂದಿಯಲ್ಲಿ ಎತ್ತಿ ಹಿತ್ತಲಲ್ಲಿ ಗುಂಡಿ ತೋಡಿ ಹಾಕಿದಳು. ನೆಲ ಒರೆಸಿದಳು. ಉಣ್ಣೆಯ ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಒಂದು ಕಡೆ ತಿಂದಿತ್ತು, ಮಡಿಚಿ ಹೊಲಿದರೆ ಒಳಗೆ ಹೋಗುವಷ್ಟು. ತಮ್ಮನ ಹೆಂಡತಿ ಸ್ಟೂಲಿನ ಮೇಲೆ ಕುಸಿದು ಕೂತಿದ್ದಳು.

"ಹತ್ತೊಂಬತ್ತೇ ದಿನ ಇತ್ತಲ್ಲ ಅತ್ತಿಗೆ," ಎಂದಳು. "ನಾನು ಹೊಡೀತಿದ್ದೆ."

"ಗೊತ್ತಿತ್ತು," ಎಂದಳು ತೋಟದಕ್ಕ. "ಅದಕ್ಕೇ."

ತಮ್ಮನ ಹೆಂಡತಿ ತಡೆದು ತಡೆದು ಕೇಳಿದಳು: ಇಲ್ಲಿದ್ದದ್ದು ನಾವಿಬ್ಬರೇ, ಯಾರಿಗೂ ಗೊತ್ತಿಲ್ಲ, ಸಭೆಯಲ್ಲಿ ಚೀಟಿಯ ಮಾತಷ್ಟನ್ನೇ ಹೇಳಿ ಬರಬಾರದೇ? ತೋಟದಕ್ಕ ಚಪ್ಪಲಿ ಮೆಟ್ಟಿಕೊಂಡಳು. ವಿಹಾರದ ಆಫೀಸು ಮುಚ್ಚಲು ಇನ್ನೂ ಒಂದು ಗಂಟೆ ಇತ್ತು, ನಡೆದರೆ ಅರ್ಧ ಗಂಟೆಯ ದಾರಿ. ಬಾಗಿಲ ಬಳಿ ನಿಂತು ಹಿಂತಿರುಗಿ, ಆ ಬಿಳಿಬಟ್ಟೆಯ ಹೊಲಿಗೆ ಬಿಚ್ಚಿಬಿಡು, ದಿಂಬಿನ ಚೀಲಕ್ಕೆ ಬರುತ್ತೆ ಎಂದಳು. ನಾದಿನಿ ಕತ್ತರಿಗೆ ಕೈಹಾಕಲಿಲ್ಲ. ಮೊಣಕಾಲು ನೋವಿಗೆ ಕುಂಟುತ್ತ ಬಿಸಿಲಿನಲ್ಲಿ ನಡೆಯುತ್ತಿದ್ದ ಅತ್ತಿಗೆಯನ್ನು, ಬೀದಿಯ ತಿರುವಿನವರೆಗೂ ನೋಡಿದಳು.